10600ಕೆ: 5.0 ಗಿಗಾಹರ್ಟ್ಸ್‌ನಲ್ಲಿ ಸಿನೆಬೆಂಚ್ ಪಾಸ್, ಎನ್‌ಕೋಡ್ ಹಾಕಿದರೆ ಫ್ರೀಜ್ (ಪರಿಹಾರ ಸಿಕ್ಕಿದೆ)

ಮಧ್ಯರಾತ್ರಿ:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ದಾರಿ ಕಾಣುತ್ತಿಲ್ಲ. ಇಂಟೆಲ್ ಕೋರ್ ಐ5 10600ಕೆ ಪ್ರೊಸೆಸರ್, ಝಡ್490 ಮದರ್‌ಬೋರ್ಡ್, ಎರಡು ಫ್ಯಾನ್ ಇರುವ ದೊಡ್ಡ ಏರ್ ಕೂಲರ್, 3600 ಸ್ಪೀಡಿನ 16 ಜಿಬಿ ರ‍್ಯಾಮ್, ಎಕ್ಸ್‌ಎಂಪಿ (ರ‍್ಯಾಮನ್ನು ಆ ಸ್ಪೀಡಿಗೆ ಓಡಿಸುವ ಸೆಟ್ಟಿಂಗ್) ಆನ್. ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ಸ್ಪೀಡಿಗಿಂತ ಮೇಲೆ, ಆರೂ ಕೋರ್ 5.0ಕ್ಕೆ ಇಟ್ಟು ವಿಕೋರ್ (ಕೋರ್‌ಗಳಿಗೆ ಹೋಗುವ ವೋಲ್ಟೇಜ್) 1.32 ವೋಲ್ಟ್ ಕೊಟ್ಟಿದ್ದೇನೆ, ಉಳಿದದ್ದೆಲ್ಲ ಆಟೋ. ಪ್ರೊಸೆಸರ್ ಪರೀಕ್ಷಿಸುವ ಸಿನೆಬೆಂಚ್ ಹತ್ತು ನಿಮಿಷ ಆರಾಮಾಗಿ ಓಡುತ್ತದೆ, 78 ಡಿಗ್ರಿ ದಾಟುವುದಿಲ್ಲ. ಆದರೆ ಹ್ಯಾಂಡ್‌ಬ್ರೇಕ್‌ನಲ್ಲಿ ಎಕ್ಸ್265 ಎನ್‌ಕೋಡ್ (ವಿಡಿಯೋ ಫೈಲನ್ನು ಚಿಕ್ಕದು ಮಾಡುವ ಕೆಲಸ) ಹಾಕಿ ಎದ್ದು ಹೋದರೆ ಮುಗೀತು. ನಿನ್ನೆ ವಾಪಸ್ ಬಂದು ನೋಡಿದಾಗ 62 ಪರ್ಸೆಂಟಿಗೆ ನಿಂತಿತ್ತು, ಮೌಸ್ ಅಲುಗಾಡಲಿಲ್ಲ, ಸ್ಪೀಕರ್‌ನಲ್ಲಿ ಕೊನೆಯ ಸದ್ದು ಗರ್ ಅಂತ ಹಾಗೇ ಹಿಡಿದುಕೊಂಡಿತ್ತು. 1.40ರವರೆಗೆ ಏರಿಸಿದರೆ ಸರಿಹೋಗುತ್ತದಾ?

ಹಳೇ ಸಾಕೆಟ್:
ತಡೀರಿ, ಸದ್ಯಕ್ಕೆ ವೋಲ್ಟೇಜ್ ಮುಟ್ಟಬೇಡಿ. ಮೊದಲು ಎರಡು ವಿಷಯ ನೋಡಿ ಹೇಳಿ. ಎಚ್‌ಡಬ್ಲ್ಯೂಇನ್ಫೋ (ವೋಲ್ಟೇಜ್, ಬಿಸಿ ತೋರಿಸುವ ಸಾಫ್ಟ್‌ವೇರ್) ತೆರೆದಿಟ್ಟು ಸಿನೆಬೆಂಚ್ ಓಡಿಸಿ, ಲೋಡ್ ಬಿದ್ದಾಗ ವಿಕೋರ್ ಎಷ್ಟಕ್ಕೆ ಇಳಿಯುತ್ತದೆ? ಆಮೇಲೆ ವಿಂಡೋಸ್ ಈವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ಲಾಗ್ ತೆಗೆದು ಡಬ್ಲ್ಯೂಎಚ್‌ಇಎ ಲಾಗರ್ (ಹಾರ್ಡ್‌ವೇರ್ ತಪ್ಪುಗಳನ್ನು ದಾಖಲಿಸುವುದು) ಹೆಸರಿನ ಎಚ್ಚರಿಕೆಗಳು ಇವೆಯಾ ನೋಡಿ.

ಮಧ್ಯರಾತ್ರಿ:
ನೋಡಿದೆ. ಸುಮ್ನೆ ಇದ್ದಾಗ 1.32 ಇರುತ್ತದೆ. ಸಿನೆಬೆಂಚ್ ಶುರುವಾದ ಕ್ಷಣಕ್ಕೆ 1.21ಕ್ಕೆ ಬಿತ್ತು, ಮುಗಿಯುವವರೆಗೂ ಅಲ್ಲೇ ಇತ್ತು! ಲಾಗ್‌ನಲ್ಲಿ ಈವೆಂಟ್ 19, "ಇಂಟರ್ನಲ್ ಪ್ಯಾರಿಟಿ ಎರರ್" ಅಂತ ಹನ್ನೊಂದು ಇವೆ. ಸಿನೆಬೆಂಚ್ ಪಾಸ್ ಆದ ಹೊತ್ತಿನಲ್ಲೂ ಎರಡು ಬಂದಿವೆ.

ಹಳೇ ಸಾಕೆಟ್:
ಸಿಕ್ಕಿತು ನೋಡಿ. ನೀವು ಪಾಸ್ ಅಂದುಕೊಂಡದ್ದು ಪಾಸ್ ಅಲ್ಲ. ಈವೆಂಟ್ 19 ಅಂದರೆ ಪ್ರೊಸೆಸರ್ ಒಂದು ತಪ್ಪು ಮಾಡಿ, ತಾನೇ ಹಿಡಿದು ಸರಿಮಾಡಿಕೊಂಡಿದೆ ಅಂತ. ಹಾಗೆ ಸರಿಮಾಡಲಾಗದ ತಪ್ಪು ಬಂದ ದಿನ ಫ್ರೀಜ್ ಅಥವಾ ನೀಲಿ ಸ್ಕ್ರೀನ್.

ಬಯೋಸ್‌ನಲ್ಲಿ (ಬೋರ್ಡಿನ ಸೆಟ್ಟಿಂಗ್ ಪುಟದಲ್ಲಿ) ಬರೆದ 1.32 ಲೋಡ್ ಇಲ್ಲದಾಗಿನ ಸಂಖ್ಯೆ. ಕೆಲಸಕ್ಕೆ ಬರುವುದು ಲೋಡ್‌ನಲ್ಲಿ ಸಿಗುವ ವೋಲ್ಟೇಜ್. ಕರೆಂಟ್ ಜಾಸ್ತಿ ಎಳೆದಷ್ಟೂ ಅದು ಇಳಿಯುತ್ತದೆ, ಇದಕ್ಕೆ ವಿಡ್ರೂಪ್ ಅನ್ನುತ್ತಾರೆ. ಬೋರ್ಡಿನ ದೋಷ ಅಲ್ಲ, ಬೇಕೆಂದೇ ಹೀಗೆ ಮಾಡಿರುತ್ತಾರೆ. ಲೋಡ್ ಫಕ್ಕನೆ ಬಿಟ್ಟಾಗ ವೋಲ್ಟೇಜ್ ಒಂದು ಕ್ಷಣ ಮೇಲಕ್ಕೆ ಜಿಗಿಯುತ್ತದೆ, ಆ ಜಿಗಿತ ಮಿತಿ ಮೀರದಿರಲಿ ಅಂತ.

ವಿಡ್ರೂಪ್ ಕಡಿಮೆ ಮಾಡೋಕೆ ಇರುವುದೇ ಲೋಡ್‌ಲೈನ್ ಕ್ಯಾಲಿಬ್ರೇಶನ್ (ಎಲ್‌ಎಲ್‌ಸಿ). ಮಧ್ಯದ ಲೆವೆಲ್ ಇಡಿ, ಅತಿ ಜೋರಿನದು ದಯವಿಟ್ಟು ಬೇಡ. ಅದನ್ನಿಟ್ಟರೆ ಎಚ್‌ಡಬ್ಲ್ಯೂಇನ್ಫೋದಲ್ಲಿ ವೋಲ್ಟೇಜ್ ಗೆರೆ ಎಳೆದ ಹಾಗೆ ನೇರ ಕಾಣುತ್ತದೆ, ಆದರೆ ಆ ಮೈಕ್ರೋಸೆಕೆಂಡಿನ ಜಿಗಿತಗಳನ್ನು ಯಾವ ಸಾಫ್ಟ್‌ವೇರೂ ತೋರಿಸುವುದಿಲ್ಲ. ಇನ್ನೊಂದು ಮಾತು, ಕೆಲವು ಬೋರ್ಡ್‌ಗಳಲ್ಲಿ ಲೆವೆಲ್ 1 ಅಂದರೆ ಅತಿ ಜೋರು, ಕೆಲವದರಲ್ಲಿ 8. ನಿಮ್ಮ ಮ್ಯಾನುಯಲ್ ನೋಡದೆ ಇಡಬೇಡಿ.

ತಂಗಾಳಿ:
ಮಧ್ಯೆ ಬಾಯಿ ಹಾಕ್ತೀನಿ, ಎಕ್ಸ್‌ಎಂಪಿ ಆಫ್ ಮಾಡಿ ಸರ್. ಈ ಪ್ರೊಸೆಸರಿಗೆ ಇಂಟೆಲ್ ಹೇಳುವ ರ‍್ಯಾಮ್ ಸ್ಪೀಡ್ 2666. 3600 ಕೂಡ ಓವರ್‌ಕ್ಲಾಕೇ ಅಲ್ವಾ? ಎರಡೂ ಒಟ್ಟಿಗೆ ಇಟ್ಟರೆ ತಪ್ಪು ಯಾವುದರದು ಅಂತ ಗೊತ್ತಾಗುವುದಿಲ್ಲ. ರ‍್ಯಾಮ್ ತಪ್ಪು ಮಾಡಿದರೆ ಫೈಲ್‌ಗಳೂ ಸದ್ದಿಲ್ಲದೆ ಕೆಡುತ್ತವೆ, ಮುಖ್ಯವಾದದ್ದರ ಬ್ಯಾಕಪ್ ಇವತ್ತೇ ತೆಗೆದಿಡಿ. ಕೋರ್ ಸ್ಟೇಬಲ್ ಆದಮೇಲೆ ಎಕ್ಸ್‌ಎಂಪಿ ಹಾಕಿ, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಿಸಿ.

ಮಧ್ಯರಾತ್ರಿ:
ಬ್ಯಾಕಪ್ ಆಯಿತು, ಎಕ್ಸ್‌ಎಂಪಿ ಆಫ್. ಎಲ್‌ಎಲ್‌ಸಿ ಮಧ್ಯಕ್ಕೆ ಇಟ್ಟ ಮೇಲೆ ಅದೇ 1.32 ಲೋಡ್‌ನಲ್ಲಿ 1.27 ನಿಲ್ಲುತ್ತಿದೆ. ಫ್ರೀಜ್ ಇಲ್ಲ, ಆದರೆ ಎರಡು ಗಂಟೆ ಎನ್‌ಕೋಡ್‌ನಲ್ಲಿ ಒಂದು ಈವೆಂಟ್ 19 ಬಂತು. 1.36ಕ್ಕೆ ಏರಿಸಿದೆ, ಲೋಡ್‌ನಲ್ಲಿ 1.31. ಈಗ ಲಾಗ್ ಪೂರ್ತಿ ಖಾಲಿ. ಆದರೆ 94 ಡಿಗ್ರಿ! ಎವಿಎಕ್ಸ್ ಆಫ್‌ಸೆಟ್ 1 (ಎವಿಎಕ್ಸ್ ಎಂಬ ಭಾರದ ಲೆಕ್ಕಗಳು ಬಂದಾಗ ಸ್ಪೀಡ್ 0.1 ಇಳಿಸುವ ಸೆಟ್ಟಿಂಗ್) ಹಾಕಿದರೂ ಎರಡು ಮೂರು ಡಿಗ್ರಿ ಇಳಿಯಿತು, ಅಷ್ಟೇ.

ಹಳೇ ಸಾಕೆಟ್:
ಇಳಿಯಲ್ಲ. ವೋಲ್ಟೇಜ್ ಫಿಕ್ಸ್ ಇಟ್ಟಿದ್ದೀರಿ, ಆಫ್‌ಸೆಟ್ ಫ್ರೀಕ್ವೆನ್ಸಿಯನ್ನು ಮಾತ್ರ ಇಳಿಸುತ್ತದೆ, ವೋಲ್ಟೇಜ್ ಅಲ್ಲೇ ಇರುತ್ತದೆ. ಬಿಸಿ ಏರಿಸುವುದು ಮುಖ್ಯವಾಗಿ ವೋಲ್ಟೇಜ್, ಯಾಕಂದರೆ ಪವರ್ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ, ಫ್ರೀಕ್ವೆನ್ಸಿಯದು ನೇರ ಲೆಕ್ಕ.

ಆಫ್‌ಸೆಟ್ ತೆಗೆದು 4.9ಕ್ಕೆ ಇಳಿದು ನೋಡಿ. ಲೋಡ್‌ನಲ್ಲಿ 1.24 ಸಾಕಾಯಿತು ಅಂತ ಇಟ್ಟುಕೊಳ್ಳಿ. ಆಗ 1.31ನ್ನು 1.24ರಿಂದ ಭಾಗಿಸಿ ವರ್ಗ ಮಾಡಿ, 5.0ಕ್ಕೂ 4.9ಕ್ಕೂ ಇರುವ ವ್ಯತ್ಯಾಸ ಸೇರಿಸಿದರೆ 5.0ಗೆ ಸುಮಾರು 14 ಪರ್ಸೆಂಟ್ ಜಾಸ್ತಿ ಪವರ್ ಬೇಕು. ಸ್ಪೀಡ್ ಸಿಗುವುದು 2 ಪರ್ಸೆಂಟ್. ಈ ಚಿಪ್ 100 ಡಿಗ್ರಿಗೆ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತದೆ, 94 ಅಂದರೆ ಸೆಖೆ ಇರುವ ದಿನ ಅಲ್ಲಿಗೇ ಮುಟ್ಟುತ್ತೀರಿ. ದಿನಾ ಗಂಟೆಗಟ್ಟಲೆ ಎನ್‌ಕೋಡ್ ಮಾಡುವ ಮೆಷಿನ್‌ನಲ್ಲಿ ನಾನಂತೂ ಆ 2 ಪರ್ಸೆಂಟಿಗೆ ಆಸೆ ಪಡುವುದಿಲ್ಲ.

ವೋಲ್ಟೇಜ್ 0.01 ಹೆಜ್ಜೆಯಲ್ಲಿ ಇಳಿಸಿ, ಪ್ರತಿ ಸಲ ಲಾಗ್ ನೋಡಿ. ಎರರ್ ಬಂದ ಜಾಗದಿಂದ ಎರಡು ಹೆಜ್ಜೆ ಮೇಲೆ ನಿಲ್ಲಿಸಿ. ಬೂಟ್ ಆಗದೆ ಹೋದರೆ ಹೆದರಬೇಡಿ, ಕ್ಲಿಯರ್ ಸಿಮೋಸ್ ಮಾಡಿದರೆ, ಅಂದರೆ ಬಯೋಸ್ ಸೆಟ್ಟಿಂಗ್ ಅಳಿಸಿದರೆ, ಮೊದಲಿನ ಹಾಗೆ ಆಗುತ್ತದೆ. ಸೆಟ್ಟಿಂಗ್ ಫೋಟೋ ಮಾತ್ರ ತೆಗೆದಿಟ್ಟುಕೊಳ್ಳಿ.

ಮಧ್ಯರಾತ್ರಿ:
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. 4.9, ಬಯೋಸ್‌ನಲ್ಲಿ 1.29, ಲೋಡ್‌ನಲ್ಲಿ 1.24. ನಿಮ್ಮ ಅಂದಾಜೇ ಬಂತು! ಎನ್‌ಕೋಡ್‌ನಲ್ಲಿ 84 ಡಿಗ್ರಿ. ಪ್ರೈಮ್95 ಸ್ಮಾಲ್ ಎಫ್‌ಎಫ್‌ಟಿ (ಪ್ರೊಸೆಸರನ್ನು ಪೂರ್ತಿ ದುಡಿಸುವ ಪರೀಕ್ಷೆ), ಎವಿಎಕ್ಸ್ ಆಫ್ ಮಾಡಿ, ಎರಡು ಗಂಟೆ ಓಡಿತು. ಎಕ್ಸ್‌ಎಂಪಿ ವಾಪಸ್ ಹಾಕಿ ಮೆಮ್‌ಟೆಸ್ಟ್ ನಾಲ್ಕು ಪಾಸ್, ಒಂದೂ ಎರರ್ ಇಲ್ಲ. ಅವತ್ತು 62ಕ್ಕೆ ನಿಂತಿದ್ದ ಫೈಲನ್ನೇ ನಿನ್ನೆ ರಾತ್ರಿ ಮತ್ತೆ ಹಾಕಿ ಮಲಗಿದೆ, ಬೆಳಗ್ಗೆ ಮುಗಿದಿತ್ತು, ಲಾಗ್ ಖಾಲಿ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.