ಕೇಬಲ್ ಕೆಲಸದ ಚೀಟಿಯಲ್ಲಿ ‘ನೇರ ಜೋಡಣೆ’ ಎಂದು ಬರೆಯಬಹುದೇ?

ಪ್ರಶ್ನೆ: ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಆಫೀಸು, ವೇಬ್ರಿಡ್ಜ್, ಗೋದಾಮಿನ ಕ್ಯಾಮೆರಾಗಳಿಗೆ ಹೊಸದಾಗಿ ಕ್ಯಾಟ್6 ಕೇಬಲ್ (ಎರಡೆರಡು ಎಳೆ ಹುರಿಗೊಂಡ ನಾಲ್ಕು ಜೋಡಿಯ ನೆಟ್‌ವರ್ಕ್ ಕೇಬಲ್) ಎಳೆಸುವುದಿದೆ. ಕೆಲಸದವರ ಕೈಗೆ ಕೊಡುವ ಚೀಟಿ ಕನ್ನಡದಲ್ಲೇ ಇರಬೇಕು. ಮಾದರಿಯಲ್ಲಿರುವ ‘ಟರ್ಮಿನೇಷನ್’, ‘ಸ್ಟ್ರೈಟ್ ಥ್ರೂ’, ‘ಟಿ568ಬಿ’ ಎಂಬ ಮಾತುಗಳನ್ನು ‘ಮುಕ್ತಾಯ’, ‘ನೇರ ಜೋಡಣೆ’, ‘568ರ ಬಿ ಆವೃತ್ತಿ’ ಎಂದು ಬರೆದರೆ ಸರಿಯೇ? ಟಿ568ಎ, ಟಿ568ಬಿ ಎರಡರಲ್ಲಿ ಯಾವುದನ್ನು ನಮೂದಿಸಬೇಕು?

ಉತ್ತರ: ಮೂರೂ ಬೇಡ. ಅದರಲ್ಲೂ ‘ನೇರ ಜೋಡಣೆ’ ಎಂದು ಬರೆದರೆ ಕೇಬಲ್ಲೇ ಕೆಡುತ್ತದೆ.

‘ಸ್ಟ್ರೈಟ್’ ಅಂದರೆ ಒಂದು ತುದಿಯ 1ನೇ ಪಿನ್ ಇನ್ನೊಂದು ತುದಿಯ 1ನೇ ಪಿನ್ನಿಗೆ, 2 ಎರಡಕ್ಕೆ, ಹೀಗೆ ಎಂಟರವರೆಗೆ ಹೋಗಬೇಕು ಎಂದಷ್ಟೆ. ಬಣ್ಣಗಳನ್ನು ಹೇಗೆ ಸಾಲಿಡಬೇಕು ಎಂಬುದು ಆ ಪದದಲ್ಲಿಲ್ಲ. ‘ನೇರವಾಗಿ ಜೋಡಿಸಿ’ ಎಂದು ಓದಿದ ಹೊಸ ಹುಡುಗ ಜೋಡಿಗಳನ್ನೇ ಸಾಲಾಗಿ ಇಡುತ್ತಾನೆ: ಆರೆಂಜ್ ಜೋಡಿ 1-2ಕ್ಕೆ, ಹಸಿರು 3-4ಕ್ಕೆ, ನೀಲಿ 5-6ಕ್ಕೆ, ಬ್ರೌನ್ 7-8ಕ್ಕೆ. ಎರಡೂ ತುದಿಗೆ ಹೀಗೇ ಹೊಡೆದರೆ ಎಲ್‌ಇಡಿ ಟೆಸ್ಟರ್‌ನಲ್ಲಿ ಎಂಟೂ ದೀಪ ವರಸೆಯಾಗಿ ಹತ್ತುತ್ತವೆ. ಕೇಬಲ್ ಮಾತ್ರ ತಪ್ಪು.

ಕಾರಣ ಹುರಿಯಲ್ಲಿದೆ. ಈಥರ್ನೆಟ್‌ನಲ್ಲಿ ಒಂದು ಸಂಕೇತ 1-2ರಲ್ಲಿ, ಇನ್ನೊಂದು 3-6ರಲ್ಲಿ, ಗಿಗಾಬಿಟ್ ಆದರೆ 4-5, 7-8ರಲ್ಲೂ ಓಡುತ್ತದೆ. ಪ್ರತಿ ಸಂಕೇತಕ್ಕೂ ಒಂದೇ ಹುರಿಯ ಎರಡು ಎಳೆ ಸಿಗಬೇಕು. ಮೇಲೆ ಹೇಳಿದ ಸಾಲಿನಲ್ಲಿ 3ಕ್ಕೆ ಹಸಿರು ಹುರಿಯ ಎಳೆ, 6ಕ್ಕೆ ನೀಲಿ ಹುರಿಯ ಎಳೆ ಬೀಳುತ್ತದೆ. ಹುರಿ ಇದ್ದೂ ಉಪಯೋಗವಿಲ್ಲದಂತಾಗಿ ಒಂದರ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ಇದಕ್ಕೆ ‘ಸ್ಪ್ಲಿಟ್ ಪೇರ್’ ಎನ್ನುತ್ತಾರೆ. ಚೀಟಿಗೆ ‘ಒಡೆದ ಜೋಡಿ’ ಸಾಕು, ಕೇಳಿದ ತಕ್ಷಣ ತಿಳಿಯುತ್ತದೆ. ಎರಡು ಮೀಟರ್ ತುಂಡಿನಲ್ಲಿ ಈ ದೋಷ ಕಾಣಿಸದೇ ಇರಬಹುದು. ನಲವತ್ತು, ಐವತ್ತು ಮೀಟರ್ ಓಡಿದಾಗ ಲಿಂಕ್ ಬಂದು ಬಂದು ಹೋಗುತ್ತದೆ, ಗಿಗಾಬಿಟ್ ಇರಬೇಕಾದ ವೇಗ 100 ಮೆಗಾಬಿಟ್‌ಗೆ ಇಳಿಯುತ್ತದೆ, ಕ್ಯಾಮೆರಾದ ಚಿತ್ರ ತಡವರಿಸುತ್ತದೆ. ಟೆಸ್ಟರ್ ಪಾಸ್ ಮಾಡಿರುವುದರಿಂದ ಎಲ್ಲರೂ ನೆಟ್‌ವರ್ಕ್ ಸ್ವಿಚ್ಚನ್ನೇ ಬೈಯುತ್ತಾರೆ.

3-6ರ ನಡುವೆ 4-5 ಬಂದು ಕೂತಿರುವುದು ಟೆಲಿಫೋನಿನ ಕಾಲದ ರೂಢಿಯಿಂದ. ಮೊದಲ ಲೈನು ನಡುವಿನ ಎರಡು ಪಿನ್ನಿಗೆ, ಎರಡನೇ ಲೈನು ಅದರ ಆಚೀಚೆ. ಹಾಗಾಗಿಯೇ ಎ, ಬಿ ಎರಡರಲ್ಲೂ ನೀಲಿ ಜೋಡಿ ನಡುವಿನಿಂದ ಕದಲುವುದಿಲ್ಲ.

ಇನ್ನು ‘ಬಿ ಆವೃತ್ತಿ’. ಎ ಹಳತು, ಬಿ ಹೊಸತು ಎಂಬ ತಿಳಿವಳಿಕೆ ಬಹಳ ಹರಡಿದೆ, ಅದಕ್ಕೆ ಹೆಸರಿನ ಗೊಂದಲವೇ ಮೂಲ. ಕೇಬಲ್ ಕೆಲಸಕ್ಕೆ ಮಾನದಂಡ ಹೇಳುವ ಅಮೆರಿಕದ ಟಿಐಎ/ಇಐಎ-568-ಎ ಎಂಬ ದಾಖಲೆ 1995ರದು, 568-ಬಿ ದಾಖಲೆ 2001ರದು. ಅವು ಆವೃತ್ತಿಗಳು. ಟಿ568ಎ, ಟಿ568ಬಿ ಬೇರೆಯೇ: ಇವು ಪಿನ್ನಿಗೆ ಬಣ್ಣ ಹಂಚುವ ಎರಡು ಕ್ರಮಗಳು, 1995ರ ದಾಖಲೆಯಲ್ಲೇ ಎರಡೂ ಇವೆ. ಬಿ ಕ್ರಮವೇ ಎಟಿ ಅಂಡ್ ಟಿ ಕಂಪನಿಯ 258ಎ ಎಂಬ ಜೋಡಣೆ. ವೇಗದಲ್ಲಿ, ದೂರದಲ್ಲಿ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆರೆಂಜ್ ಮತ್ತು ಹಸಿರು ಜೋಡಿ ಜಾಗ ಬದಲಿಸುತ್ತವೆ, ಅಷ್ಟೆ. ಆದ್ದರಿಂದ ‘ಬಿ ಕ್ರಮ’ ಎಂದು ಬರೆಯಿರಿ.

ಯಾವುದು ಎಂಬುದನ್ನು ಕಟ್ಟಡ ಹೇಳುತ್ತದೆ. ಗಿರಣಿಯ ಆಫೀಸಿನಲ್ಲಿ ಹಳೆಯ ಪ್ಯಾಚ್ ಪ್ಯಾನೆಲ್ (ಕೇಬಲ್‌ಗಳೆಲ್ಲ ಬಂದು ಸೇರುವ ಸಾಕೆಟ್ ಪಟ್ಟಿ) ಇದ್ದರೆ ಅದರ ಹಿಂಬದಿ ನೋಡಿ, ಅಲ್ಲಿರುವುದನ್ನೇ ಮುಂದುವರಿಸಿ. ಏನೂ ಇಲ್ಲದಿದ್ದರೆ ಬಿ ಹಿಡಿಯಿರಿ: ನಮ್ಮ ಕಡೆ ಕೆಲಸದವರ ಕೈಗೆ ಕೂತಿರುವುದು ಅದು, ನಾಳೆ ರಿಪೇರಿಗೆ ಬಂದವನೂ ಅದನ್ನೇ ಹೊಡೆಯುತ್ತಾನೆ.

‘ಟರ್ಮಿನೇಷನ್’ಗೆ ‘ಮುಕ್ತಾಯ’ ಎಂದರೆ ಕೆಲಸ ಮುಗಿಸಿ ಬಿಲ್ ಕೊಡುವುದು ಎಂದಾಗುತ್ತದೆ. ಕೆಲಸದವರ ಮಾತು ಚೆನ್ನಾಗಿಯೇ ಇದೆ: ಪ್ಲಗ್ಗಿಗೆ ‘ಕ್ರಿಂಪ್ ಹೊಡಿ’, ಗೋಡೆಯ ಐಒಗೂ (ಪ್ಲಗ್ ಸಿಕ್ಕಿಸುವ ನೆಟ್‌ವರ್ಕ್ ಸಾಕೆಟ್) ಪ್ಯಾನೆಲ್ಲಿಗೂ ‘ಪಂಚ್ ಮಾಡು’. ಎರಡಕ್ಕೂ ಸೇರಿಸಿ ಹೇಳಬೇಕಾದಲ್ಲಿ ‘ತುದಿ ಹೊಡೆಯುವುದು’ ಎಂದರಾಯಿತು.

ನೀವು ಕೇಳದ, ಆದರೆ ಚೀಟಿಯಲ್ಲಿ ಖಂಡಿತ ಎಡವುವ ಇನ್ನೊಂದು ಜಾಗವಿದೆ. ‘ಆರೆಂಜ್ ವೈಟ್’ ಅಂದರೆ ಯಾವ ಎಳೆ? ಒಬ್ಬ ಗೆರೆಯಿರುವ ಬಿಳಿ ಎಳೆ ಎನ್ನುತ್ತಾನೆ, ಇನ್ನೊಬ್ಬ ಜೋಡಿಯ ಎರಡೂ ಎಳೆ ಎನ್ನುತ್ತಾನೆ. ‘ಗೆರೆ ಆರೆಂಜ್’, ‘ಪೂರ್ತಿ ಆರೆಂಜ್’ ಎಂದು ಬರೆದರೆ ಗೊಂದಲವಿಲ್ಲ. ಬಿ ಕ್ರಮ ಆಗ ಹೀಗೆ: ಗೆರೆ ಆರೆಂಜ್, ಪೂರ್ತಿ ಆರೆಂಜ್, ಗೆರೆ ಹಸಿರು, ಪೂರ್ತಿ ನೀಲಿ, ಗೆರೆ ನೀಲಿ, ಪೂರ್ತಿ ಹಸಿರು, ಗೆರೆ ಬ್ರೌನ್, ಪೂರ್ತಿ ಬ್ರೌನ್. ಪ್ಲಗ್ಗಿನ ಕ್ಲಿಪ್ ಕೆಳಗೆ, ಕೇಬಲ್ ತೂರುವ ಬಾಯಿ ನಮ್ಮ ಕಡೆ ಇಟ್ಟು ಹಿಡಿದಾಗ ಎಡಗಡೆಯದು 1ನೇ ಪಿನ್. ಇದನ್ನೂ ಬರೆಯಿರಿ, ಇಲ್ಲದಿದ್ದರೆ ಸಾಲು ತಿರುವುಮುರುವಾಗುತ್ತದೆ.

ಅಗ್ಗದ ಕೇಬಲ್‌ಗಳಲ್ಲಿ ಬಿಳಿ ಎಳೆಯ ಮೇಲಿನ ಗೆರೆ ಕಂಡೂ ಕಾಣದ ಹಾಗಿರುತ್ತದೆ. ನಾಲ್ಕೂ ಹುರಿ ಒಟ್ಟಿಗೆ ಬಿಚ್ಚಿದರೆ ಯಾವ ಬಿಳಿ ಯಾರ ಜೋಡಿ ಎಂದು ತಿಳಿಯದು. ಒಂದು ಹುರಿ ಬಿಚ್ಚಿ, ಎರಡು ಎಳೆ ಜಾಗಕ್ಕೆ ಹಿಡಿದು, ಆಮೇಲೆ ಮುಂದಿನದು. ಸಿಪ್ಪೆ 25 ಮಿ.ಮೀ. ಸುಲಿದು, ಎಳೆ ಸಾಲಾದ ಮೇಲೆ ತುದಿಯನ್ನು 13 ಮಿ.ಮೀ.ಗೆ ಸಮನಾಗಿ ಕತ್ತರಿಸಬೇಕು. ಅದಕ್ಕಿಂತ ಹೆಚ್ಚು ಹುರಿ ಬಿಚ್ಚಿರಬಾರದು, ಹೊರಸಿಪ್ಪೆ ಪ್ಲಗ್ಗಿನ ಒಳಗೆ ಹೋಗಿ ಹಿಡಿಕೆಯ ಕೆಳಗೆ ಸಿಕ್ಕಿರಬೇಕು. ಸಿಪ್ಪೆ ಹೊರಗುಳಿದ ಪ್ಲಗ್ ನಾಲ್ಕು ಸಲ ಎಳೆದಾಡಿದರೆ ಎಳೆ ಬಿಡುತ್ತದೆ. ಕ್ಯಾಟ್6ರ ಎಳೆ ದಪ್ಪ, ಕ್ಯಾಟ್5ಇ ಪ್ಲಗ್ಗಿನ ತೂತಿಗೆ ಹಿಡಿಸುವುದು ಕಷ್ಟ, ಪ್ಲಗ್ಗನ್ನೂ ಕ್ಯಾಟ್6ದೇ ತರಿಸಿ.

ಐಒ ವಿಷಯ ಬೇರೆ. ಅದರ ಮೈಮೇಲೆ ಎ, ಬಿ ಎರಡರ ಬಣ್ಣವೂ ಅಂಟಿಸಿರುತ್ತದೆ, ಕಚ್ಚುಗಳು 1ರಿಂದ 8ರ ವರಸೆಯಲ್ಲಿ ಇರುವುದಿಲ್ಲ. ಬಿ ಎಂದಿರುವ ಬಣ್ಣ ನೋಡಿ ಪಂಚ್ ಮಾಡಬೇಕು, ಬಾಯಿಪಾಠದ ಸಾಲು ಇಲ್ಲಿ ನಡೆಯದು.

ಸೇರಿಕೆ, ಬಳ್ಳಾರಿಯಿಂದ: ಮೇಲಿನದೆಲ್ಲ ಒಪ್ಪಿಗೆ. ‘ಕ್ರಾಸ್’ ಪದದ ಬಗ್ಗೆ ಎರಡು ಮಾತು. ಒಂದು ತುದಿ ಎ, ಇನ್ನೊಂದು ಬಿ ಆದರೆ ಅದು ಕ್ರಾಸ್ ಕೇಬಲ್. ಟೆಸ್ಟರ್‌ನಲ್ಲಿ 1ಕ್ಕೆ 3, 2ಕ್ಕೆ 6 ಹತ್ತುತ್ತದೆ. ಈಗಿನ ಸ್ವಿಚ್ಚುಗಳು ತಾವೇ ಸರಿಮಾಡಿಕೊಳ್ಳುವುದರಿಂದ ಈ ತಪ್ಪು ಬಚ್ಚಿಟ್ಟುಕೊಂಡಿರುತ್ತದೆ, ವೇಬ್ರಿಡ್ಜ್‌ನ ಹಳೆಯ ಉಪಕರಣ ಸಿಕ್ಕಿಸಿದ ದಿನ ಲಿಂಕ್ ಬರುವುದಿಲ್ಲ. ಬೇಕೆಂದೇ ಹೊಡೆಸದ ಹೊರತು ಅದನ್ನು ‘ಕ್ರಾಸ್’ ಎನ್ನದೆ ತಪ್ಪು ಎಂದೇ ಬರೆಯಿಸಿ.

ಚೀಟಿಯಲ್ಲಿ ‘ಉದ್ದ 90 ಮೀಟರ್ ಮೀರಬಾರದು’ ಎಂದಿದ್ದರೆ ಅದನ್ನೂ ತಿದ್ದಿ. ಪ್ಯಾನೆಲ್ಲಿನಿಂದ ಐಒವರೆಗಿನ ಆ 90 ಮೀಟರ್ 20 ಡಿಗ್ರಿಯ ಲೆಕ್ಕ. 40 ಡಿಗ್ರಿಗೆ ಅದು ಸುಮಾರು 83ಕ್ಕೆ, 60ಕ್ಕೆ 75ಕ್ಕೆ ಇಳಿಯುತ್ತದೆ. ರಾಯಚೂರು, ಬಳ್ಳಾರಿಯ ಮೇ ತಿಂಗಳಲ್ಲಿ ತಗಡಿನ ಛಾವಣಿಗೆ ತಾಗಿ ಓಡಿದ ಕೇಬಲ್‌ಗೆ 75 ಎಂದೇ ಹಿಡಿಯುವುದು ಕ್ಷೇಮ. ಗೋದಾಮು ಅದಕ್ಕಿಂತ ದೂರವಿದ್ದರೆ ಅಲ್ಲಿಗೆ ಫೈಬರ್.

‘ತಾಮ್ರ’ ಎಂದಷ್ಟೇ ಬರೆದರೂ ಸಾಲದು, ‘ಪೂರ್ತಿ ತಾಮ್ರ’ ಎನ್ನಿ. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ ಸಿಸಿಎ ಕೇಬಲ್ಲೂ ಕ್ಯಾಟ್6 ಎಂಬ ಹೆಸರಲ್ಲೇ ಮಾರಾಟವಾಗುತ್ತದೆ. ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ, ಎರಡು ಸಲ ಮಡಚಿದರೆ ಮುರಿಯುತ್ತದೆ. ಅದರ ರೋಧ ಹೆಚ್ಚು, ಇದೇ ಕೇಬಲ್ಲಿನಿಂದಲೇ ವಿದ್ಯುತ್ ಪಡೆಯುವ ಪಿಒಇ ಕ್ಯಾಮೆರಾಕ್ಕೆ ದೂರದಲ್ಲಿ ವೋಲ್ಟೇಜ್ ಸಾಲದೆ ರಾತ್ರಿ ಇನ್‌ಫ್ರಾರೆಡ್ ದೀಪ ಹತ್ತಿದ ಕೂಡಲೇ ಕ್ಯಾಮೆರಾ ಆಫ್ ಆಗುತ್ತದೆ.

ಹಾಗಾಗಿ ಚೀಟಿಯಲ್ಲಿ ಹೀಗೆ ಬರೆಯಬಹುದು: ‘ಪೂರ್ತಿ ತಾಮ್ರದ ಕ್ಯಾಟ್6. ಎರಡೂ ತುದಿ ಟಿ568ಬಿ ಕ್ರಮ, ಬಣ್ಣದ ಸಾಲು ಕೆಳಗಿದೆ. ಹುರಿ 13 ಮಿ.ಮೀ.ಗಿಂತ ಹೆಚ್ಚು ಬಿಚ್ಚಬಾರದು. ಒಡೆದ ಜೋಡಿ ಹಿಡಿಯುವ ಟೆಸ್ಟರ್‌ನಲ್ಲಿ ಪ್ರತಿ ಕೇಬಲ್ ತೋರಿಸಬೇಕು, ದೀಪದ ಟೆಸ್ಟರ್ ನಡೆಯದು.’