ಮಂಡಕ್ಕಿ ಭಟ್ಟಿ ಕೆಲಸ, ಶೀಟಿನ ಮನೆ: ಈ ಬಿಸಿಲಲ್ಲಿ ಅಣ್ಣನನ್ನು ಹೇಗೆ ನೋಡಿಕೊಳ್ಳುವುದು?

ದಾವಣಗೆರೆ ತಂಗಿ:
ನಮ್ಮಣ್ಣ ಇಲ್ಲೇ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗೆ ಹೋಗುತ್ತಾನೆ. ಕಾದ ಮರಳಿನ ಮುಂದೆ ನಿಂತು ಅಕ್ಕಿ ಹುರಿಯುವ ಕೆಲಸ. ಮಳೆಗಾಲದಲ್ಲೇ ಬೆವರು ಸುರಿಯುತ್ತದೆ, ಏಪ್ರಿಲ್‌ನಲ್ಲಿ ಕೇಳಬೇಕಾ? ಈಗೀಗ ಸಂಜೆ ಬಂದು ಮಲಗಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ. ತಲೆನೋವು, ಊಟ ಸೇರುವುದಿಲ್ಲ. ಮನೆಯೂ ಶೀಟಿನದು, ರಾತ್ರಿ ಹನ್ನೊಂದಾದರೂ ಸೆಕೆ ಇಳಿಯುವುದಿಲ್ಲ. ನೀರು ಚೆನ್ನಾಗಿಯೇ ಕುಡಿಯುತ್ತಾನೆ. ಆದರೂ ಹೀಗ್ಯಾಕೆ? ಕೂಲರ್ ತಂದರೆ ಉಪಯೋಗ ಇದೆಯಾ? ಕೆಲಸ ಬಿಡು ಅನ್ನುವ ಹಾಗಿಲ್ಲ, ಅವನ ದುಡಿಮೆಯಲ್ಲೇ ಮನೆ ನಡೆಯಬೇಕು.

ಹೊಳಲ್ಕೆರೆ ನರ್ಸ್:
ತಂಗೀ, ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಅಷ್ಟು ಬೆವರುವವರಿಗೆ ಬರೀ ನೀರು ಸಾಲದು. ಬೆಳಿಗ್ಗೆ ಹೋಗುವಾಗಲೇ ಉಪ್ಪು ಹಾಕಿದ ನೀರು ಮಜ್ಜಿಗೆ ದೊಡ್ಡ ಬಾಟಲಿಯಲ್ಲಿ ಕಟ್ಟಿಕೊಡಿ. ಬಾಯಾರಿಕೆಗೆ ಕಾಯದೆ ಆಗಾಗ ಸ್ವಲ್ಪ ಸ್ವಲ್ಪ ಕುಡಿಯಲಿ. ಓಆರ್‌ಎಸ್ ಪ್ಯಾಕೆಟ್ ಇದ್ದರೆ ಇನ್ನೂ ಒಳ್ಳೆಯದು. ಸಿಗದಿದ್ದರೆ 1 ಲೀಟರ್ ಕಾಯಿಸಿ ಆರಿಸಿದ ನೀರಿಗೆ ಟೀ ಚಮಚದಲ್ಲಿ ಮಟ್ಟಸವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಂದಾಜಿನ ಮೇಲೆ ಉಪ್ಪು ಜಾಸ್ತಿ ಹಾಕಬೇಡಿ.

ಇನ್ನೊಂದು ಮಾತು ಅಣ್ಣನ ಜೊತೆ ಕೆಲಸ ಮಾಡುವವರಿಗೂ ಹೇಳಿಸಿ. ಮೈ ಕಾದು, ಮಾತು ತೊದಲಿದರೆ, ಏನೇನೋ ಮಾತಾಡಿದರೆ, ತೂರಾಡಿದರೆ ಅದು ಸುಮ್ನೆ ಸುಸ್ತಲ್ಲ. ತಕ್ಷಣ 108ಕ್ಕೆ ಫೋನ್ ಮಾಡಬೇಕು. 'ಬೆವರುತ್ತಾ ಇದ್ದಾನಲ್ಲ, ಏನೂ ಆಗಿಲ್ಲ' ಅಂತ ಕೂರಬಾರದು, ದುಡಿಯುವವರಿಗೆ ಬೆವರುತ್ತಿರುವಾಗಲೇ ಶಾಖಾಘಾತ ಆಗಬಹುದು. ಆಂಬುಲೆನ್ಸ್ ಬರುವವರೆಗೂ ಕಾಯದೆ ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಲೇಬೇಡಿ.

ಚಳ್ಳಕೆರೆಯವ:
ಶೀಟು ಸಿಮೆಂಟಿನದಾ, ತಗಡಾ? ಸಿಮೆಂಟಾದರೆ ಮೇಲ್ಗಡೆ ದಪ್ಪಗೆ ಬಿಳಿ ಸುಣ್ಣ ಹೊಡೆಸಿ. ಬಿಳಿ ಬಣ್ಣ ಬಿಸಿಲನ್ನು ವಾಪಸ್ ಕಳಿಸುತ್ತದೆ, ಶೀಟು ಅಷ್ಟು ಕಾಯುವುದಿಲ್ಲ. ಮಳೆಗೆ ತೊಳೆದುಹೋಗುತ್ತದೆ, ವರ್ಷವರ್ಷ ಹೊಡೆಯಬೇಕು. ತಗಡಿಗಾದರೆ ಸುಣ್ಣ ಬೇಡ, ಅದಕ್ಕೇ ಅಂತ ಬರುವ ಬಿಳಿ ಪೇಂಟ್ ತನ್ನಿ. ಶೀಟಿನ ಮೇಲೆ ನಡೆಯಬೇಡಿ, ಹಲಗೆ ಹಾಕಿಕೊಂಡು ಹತ್ತಿ.

ನಮ್ಮ ಕಡೆ ಒಣ ಸೆಕೆ, ಅದಕ್ಕೇ ಕೂಲರ್ ಚೆನ್ನಾಗಿ ನಡೆಯುತ್ತದೆ. ಆದರೆ ಕೂಲರ್ ಕಿಟಕಿ ಹತ್ತಿರ ಇರಲಿ, ಎದುರಿಗಿನ ಬಾಗಿಲು ತೆಗೆದಿರಲಿ. ಎಲ್ಲ ಮುಚ್ಚಿದರೆ ಒಳಗೆ ಬರೀ ತೇವ ತುಂಬಿ ಇನ್ನೂ ಹಿಂಸೆ. ನಾನಾಗಿದ್ದರೆ ಮೊದಲು ಸುಣ್ಣ ಹೊಡೆಸುತ್ತಿದ್ದೆ, ಕೂಲರ್ ಆಮೇಲೆ.

ದಾವಣಗೆರೆ ತಂಗಿ:
ಸಿಮೆಂಟ್ ಶೀಟೇ. ಈ ಭಾನುವಾರ ಸುಣ್ಣ ಹೊಡೆಸುತ್ತೇವೆ. ನರ್ಸಕ್ಕಾ, ಅಣ್ಣನಿಗೆ ಶುಗರ್ ಇದೆ, ಮಾತ್ರೆ ತಗೊಳ್ಳುತ್ತಾನೆ. ಸಕ್ಕರೆ ನೀರು ಕೊಡಬಹುದಾ?

ಹೊಳಲ್ಕೆರೆ ನರ್ಸ್:
ಇದು ಮುಖ್ಯ ವಿಷಯ, ಹೇಳಿದ್ದು ಒಳ್ಳೆಯದಾಯಿತು. ದಿನಾ ಮಜ್ಜಿಗೆಯೇ ಇರಲಿ. ಊಟ ಬಿಟ್ಟು ಮಾತ್ರೆ ನುಂಗಿದರೆ ಶುಗರ್ ಇಳಿದೂ ತಲೆ ಸುತ್ತಬಹುದು. ನಾಳೆಯೇ ಡಾಕ್ಟರ್ ಹತ್ತಿರ ಹೋಗಿ. ಭಟ್ಟಿ ಕೆಲಸ, ಊಟ ಸೇರುತ್ತಿಲ್ಲ, ಮೀನಖಂಡ ಹಿಡಿಯುತ್ತದೆ, ಮೂರನ್ನೂ ಹೇಳಿ. ಬಿಪಿ ಮಾತ್ರೆಯೂ ಇದ್ದರೆ ಆ ಚೀಟಿಯನ್ನೂ ತಗೊಂಡು ಹೋಗಿ, ಉಪ್ಪು ಎಷ್ಟು ಅಂತ ಅವರೇ ಹೇಳಲಿ.