ಐವಿಎಫ್ ನಂತರ ಡೂಲಾ ಆಗುವ ಆಸೆ: ಎಚ್-4 ವೀಸಾದಲ್ಲಿ ಸಾಧ್ಯವೇ?

ಫ್ರೀಮಾಂಟ್, ಕ್ಯಾಲಿಫೋರ್ನಿಯಾ:
ಎಲ್ಲರಿಗೂ ನಮಸ್ಕಾರ. ಬಹಳ ವರ್ಷ ಮಕ್ಕಳಾಗದೆ, ಗರ್ಭಪಾತದ ನೋವನ್ನೂ ಉಂಡು, ಕೊನೆಗೆ ಐವಿಎಫ್ ಚಿಕಿತ್ಸೆಯಿಂದ ಮಗಳನ್ನು ಪಡೆದವಳು ನಾನು. ಹೆರಿಗೆಯ ಹೊತ್ತಿಗೆ ಅಮ್ಮನಿಗೆ ವೀಸಾ ಸಿಗಲಿಲ್ಲ. ಅಂದು ರಾತ್ರಿಯಿಡೀ ನನ್ನ ಸೊಂಟ ಒತ್ತುತ್ತಾ, ಗಾಬರಿಯಾಗಿದ್ದ ನಮ್ಮ ಯಜಮಾನರಿಗೂ ಧೈರ್ಯ ಹೇಳುತ್ತಾ ಜೊತೆಗಿದ್ದವರು ಒಬ್ಬ ಡೂಲಾ, ಅಂದರೆ ಹೆರಿಗೆಯಲ್ಲಿ ತಾಯಿಗೆ ಆಸರೆಯಾಗಿ ನಿಲ್ಲುವ, ವೈದ್ಯಕೀಯ ಕೆಲಸ ಮಾಡದ ಸಹಾಯಕಿ. ಈಗ ನಾನೂ ಆ ಕೆಲಸ ಕಲಿಯಬೇಕೆಂದಿದ್ದೇನೆ. ನಾನಿರುವುದು ಎಚ್-4 ವೀಸಾದಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವ ಯಜಮಾನರ ಅವಲಂಬಿತಳಾಗಿ. ಕೆಲಸದ ಪರವಾನಗಿ ಇಲ್ಲ. ತರಬೇತಿ ಪಡೆಯಬಹುದೇ? ಬೇರೊಬ್ಬರ ಹೆರಿಗೆ ಕೋಣೆಯಲ್ಲಿ ನನ್ನದೇ ನೆನಪುಗಳು ನುಗ್ಗಿ ಬಂದರೆ ಏನು ಮಾಡಲಿ? ನಮ್ಮ ಅತ್ತೆಯವರು, ‘ಎಂಜಿನಿಯರಿಂಗ್ ಓದಿ ಸೂಲಗಿತ್ತಿಯಾಗುತ್ತೀಯಾ’ ಎಂದು ಕೇಳಿದ್ದಾರೆ.

ಸನಿವೇಲ್, ಕ್ಯಾಲಿಫೋರ್ನಿಯಾ:
ನಾನು ಈ ಕೆಲಸದಲ್ಲಿರುವವಳು, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎಚ್-4ನಲ್ಲಿ ಓದಲು, ತರಬೇತಿ ಪಡೆಯಲು ಅಡ್ಡಿಯಿಲ್ಲ. ಆದರೆ ಪರವಾನಗಿ ಇಲ್ಲದೆ ಹಣ ಪಡೆಯುವಂತಿಲ್ಲ, ‘ಸ್ವಂತ ವ್ಯವಹಾರ’ ಎಂದು ಕರೆದುಕೊಂಡರೂ ಅದು ಕೆಲಸವೇ. 2015ರಿಂದ ಕೆಲವು ಎಚ್-4 ಸಂಗಾತಿಗಳಿಗೆ ಪರವಾನಗಿ ಸಿಗುತ್ತಿದೆ. ನಿಮ್ಮ ಯಜಮಾನರ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಸಲ್ಲಿಸುವ ಅರ್ಜಿ) ಅನುಮೋದನೆಯಾಗಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ಅಲ್ಲಿಯವರೆಗೆ, ಆಸ್ಪತ್ರೆಗಳೇ ನಡೆಸುವ ಸ್ವಯಂಸೇವಕ ಡೂಲಾ ಕಾರ್ಯಕ್ರಮಗಳನ್ನು ಸೇರಬಹುದೇ ಎಂದು ವಲಸೆ ವಕೀಲರನ್ನು ವಿಚಾರಿಸಿ. ಪರಿಚಯದವರಿಗೆ ಉಚಿತವಾಗಿ ಮಾಡಿದರೆ ತೊಂದರೆಯಿಲ್ಲ ಎಂದು ನೀವೇ ತೀರ್ಮಾನಿಸಬೇಡಿ.

ನಮ್ಮ ರಾಜ್ಯದಲ್ಲಿ ಡೂಲಾಗೆ ಸರ್ಕಾರಿ ಲೈಸೆನ್ಸ್ ಬೇಕಿಲ್ಲ. ಆದರೆ 2023ರ ಜನವರಿಯಿಂದ ಮೆಡಿ-ಕ್ಯಾಲ್ (ಕಡಿಮೆ ಆದಾಯದವರಿಗಾಗಿ ಕ್ಯಾಲಿಫೋರ್ನಿಯಾ ನಡೆಸುವ ಆರೋಗ್ಯ ವಿಮೆ) ಡೂಲಾ ಸೇವೆಗೆ ಹಣ ಕೊಡುತ್ತಿದ್ದು, ತರಬೇತಿಯ ಹಾದಿಯಲ್ಲಿ ಅದಕ್ಕೆ ನೋಂದಾಯಿಸಿಕೊಳ್ಳುವವರು ಕನಿಷ್ಠ 16 ಗಂಟೆಗಳ ತರಬೇತಿ ಮುಗಿಸಿ, ಮೂರು ಹೆರಿಗೆಗಳಲ್ಲಾದರೂ ಜೊತೆಗಿದ್ದಿರಬೇಕು. 1992ರಲ್ಲಿ ಆರಂಭವಾದ ಡೋನಾದಂತಹ ಡೂಲಾ ಸಂಸ್ಥೆಗಳ ತರಬೇತಿಯನ್ನು ಅನೇಕರು ಆರಿಸಿಕೊಳ್ಳುತ್ತಾರೆ.

ನಿಮ್ಮ ಎರಡನೆಯ ಪ್ರಶ್ನೆಯೇ ದೊಡ್ಡದು. ನಮ್ಮ ತರಗತಿಗೆ ಬಂದವರಲ್ಲಿ ಬಹುತೇಕರು ತಮ್ಮ ಹೆರಿಗೆಯ ಕಥೆಯನ್ನು ಹೊತ್ತೇ ಬಂದಿದ್ದರು. ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವು ನಿವಾರಕ ಚುಚ್ಚುಮದ್ದು) ಬೇಕೆನ್ನುವ ಹೆಣ್ಣಿಗೆ, ‘ನಾನು ಇಲ್ಲದೆಯೇ ತಡೆದುಕೊಂಡೆ’ ಎಂದು ಹೇಳಲು ನಾಲಿಗೆಯ ತುದಿಗೆ ಬಂದರೆ ನೀವು ಇನ್ನೂ ಸಿದ್ಧರಾಗಿಲ್ಲ ಎಂದರ್ಥ. ಗರ್ಭಪಾತದ ದುಃಖವನ್ನು ಯಾರಾದರೂ ಆಪ್ತಸಮಾಲೋಚಕರ ಬಳಿ ಮೊದಲು ಹೇಳಿಕೊಳ್ಳಿ. ಬಾಣಂತಿಯ ಎದುರು ಅದನ್ನು ಹಗುರ ಮಾಡಿಕೊಳ್ಳುವುದು ನ್ಯಾಯವಲ್ಲ. ಮೂವತ್ತೆಂಟನೆಯ ವಾರದಿಂದ ಯಾವ ಗಳಿಗೆಯಲ್ಲಾದರೂ ಕರೆ ಬರಬಹುದು; ನಿಮ್ಮ ಮಗಳನ್ನು ಆಗ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಯೋಚಿಸಿ.

ಎಡಿಸನ್, ನ್ಯೂಜೆರ್ಸಿ:
ನಾವು ಇಲ್ಲಿಗೆ ಬಂದ ಕಾಲದಲ್ಲಿ ಈ ಸೌಕರ್ಯಗಳು ಯಾವುವೂ ಇರಲಿಲ್ಲ. ನನ್ನ ಹೆಂಡತಿಯ ಹೆರಿಗೆಯಾದ ರಾತ್ರಿ ಹಿಮ ಸುರಿಯುತ್ತಿತ್ತು. ನಾನು ಹೊರಗಿನ ಕುರ್ಚಿಯಲ್ಲೇ ಕುಳಿತಿದ್ದೆ, ಏಕೆಂದರೆ ಗಂಡಸರು ಒಳಗೆ ಹೋಗುವುದು ನಮ್ಮ ಮನೆಯ ಪದ್ಧತಿಯಲ್ಲ ಎಂದುಕೊಂಡಿದ್ದೆ. ಆಕೆ ಆ ಮಾತನ್ನು ಇಂದಿಗೂ ಎತ್ತುತ್ತಾಳೆ. ಬಾಣಂತನಕ್ಕೆ ಮೆಂತ್ಯದ ಗಂಜಿಯನ್ನೂ ಅಂಟಿನುಂಡೆಯನ್ನೂ ಮಾಡಲು ನಾನೇ ಕಲಿತೆ. ಡೂಲಾ ಆಗುವವರು ಮೊದಲು ಅದನ್ನು ಕಲಿಯಲಿ ಎಂಬುದು ನನ್ನ ಸಲಹೆ.

ಸಿಯಾಟಲ್:
ಸೂಲಗಿತ್ತಿ ಎಂದರೆ ಅವಮಾನವೇಕೆ? ನಾನು ಪಾವಗಡದ ಕಡೆಯವನು. ನಮ್ಮ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು; 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಿಮ್ಮ ಅತ್ತೆಯವರಿಗೆ ಇದನ್ನು ಓದಿ ಹೇಳಿ.

ಹ್ಯೂಸ್ಟನ್:
ನಾನು ಪ್ರಸೂತಿ ತಜ್ಞೆ, ಆದ್ದರಿಂದ ನೇರವಾಗಿಯೇ ಹೇಳುತ್ತೇನೆ. ನರಸಮ್ಮನವರ ಹೆಸರನ್ನು ಇಲ್ಲಿ ತರುವುದೇ ತಪ್ಪು. ಅವರು ಹೆರಿಗೆ ಮಾಡಿಸುತ್ತಿದ್ದರು, ಡೂಲಾ ರಕ್ತದೊತ್ತಡವನ್ನು ಕೂಡ ನೋಡುವಂತಿಲ್ಲ. ಹದಿನಾರು ಗಂಟೆ ಕಲಿತು ಬಂದವರು, ಮಗುವಿನ ಹೃದಯಬಡಿತ ಕುಸಿಯುತ್ತಿರುವಾಗ ‘ಇನ್ನೂ ಸ್ವಲ್ಪ ಕಾಯೋಣ’ ಎಂದು ತಾಯಿಯ ಕಿವಿಯಲ್ಲಿ ಹೇಳುವುದನ್ನು ನಾನು ಕಂಡಿದ್ದೇನೆ. ಐವಿಎಫ್ ಮಾಡಿಸಿಕೊಂಡ ಮಾತ್ರಕ್ಕೆ ಇನ್ನೊಬ್ಬರ ಹೆರಿಗೆಗೆ ನೆರವಾಗುವ ಅರ್ಹತೆ ಬರುವುದಿಲ್ಲ. ನಿಜವಾದ ಸೇವೆ ಮಾಡುವ ಮನಸ್ಸಿದ್ದರೆ ನರ್ಸಿಂಗ್ ಓದಿ. ಸಮುದಾಯ ಕಾಲೇಜಿನಲ್ಲಿ ಎರಡು ವರ್ಷದ ಕೋರ್ಸ್ ಇದೆ. ಗೌರವವೂ ಇದೆ, ಸಂಬಳವೂ ಇದೆ.

ಸನಿವೇಲ್:
ಡಾಕ್ಟರೇ, ವೈದ್ಯರ ನಿರ್ಧಾರದಲ್ಲಿ ತಲೆಹಾಕುವವರು ತರಬೇತಿಯ ಮೊದಲ ಪಾಠವನ್ನೇ ಮೀರಿದವರು. ಅವರನ್ನು ನಾನೂ ಸಮರ್ಥಿಸುವುದಿಲ್ಲ. ಆದರೆ ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2017ರ ವಿಮರ್ಶೆಯನ್ನು ತಾವು ನೋಡಿರುತ್ತೀರಿ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರನ್ನು ಒಳಗೊಂಡ 26 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದವರಲ್ಲಿ ಸಹಜ ಹೆರಿಗೆ ಹೆಚ್ಚಿತ್ತು, ಸಿಸೇರಿಯನ್ ಕಡಿಮೆಯಿತ್ತು, ನೋವಿನ ಅವಧಿಯೂ ತುಸು ಕಡಿಮೆಯಾಗಿತ್ತು. ಹಲವು ರೋಗಿಗಳನ್ನು ಒಟ್ಟಿಗೆ ನೋಡುವ ನರ್ಸ್‌ಗೆ ಒಬ್ಬರ ಬಳಿಯೇ ಕುಳಿತಿರಲು ಸಾಧ್ಯವೇ?

ಹ್ಯೂಸ್ಟನ್:
ಜೊತೆಗಿರಲು ಅಮ್ಮನೋ ಅಕ್ಕನೋ ಸಾಕು. ಅದಕ್ಕೆ ಪ್ರಮಾಣಪತ್ರವೇಕೆ? ನನ್ನ ಮಾತು ನರ್ಸಿಂಗ್‌ಗೇ ನಿಲ್ಲುತ್ತದೆ.

ಆಸ್ಟಿನ್:
ಡಾಕ್ಟರ್ ಹೇಳಿದ್ದು ಸರಿ. ನಮ್ಮ ನಾದಿನಿ ನರ್ಸಿಂಗ್ ಮುಗಿಸಿ ಈಗ ಸ್ವಂತ ಮನೆ ಕೊಂಡಿದ್ದಾರೆ.

ಫ್ರೀಮಾಂಟ್:
ಎಲ್ಲರಿಗೂ ಧನ್ಯವಾದಗಳು. ನಾನು ನರ್ಸಿಂಗ್ ಬಗ್ಗೆ ಕೇಳಿರಲಿಲ್ಲ. ಜೊತೆಗಿರಲು ಅಮ್ಮ ಸಾಕು ಎಂಬ ಮಾತು ನಿಜ, ಡಾಕ್ಟರೇ, ಆದರೆ ನನಗೆ ಡೂಲಾ ಬೇಕಾದದ್ದೇ ಅಮ್ಮ ಬರಲಾಗದ್ದರಿಂದ. ಸನಿವೇಲ್‌ನ ಅಕ್ಕಾ, ಆಪ್ತಸಮಾಲೋಚಕರನ್ನು ಹುಡುಕುತ್ತಿದ್ದೇನೆ. ಒಂದೇ ಸಂದೇಹ ಉಳಿದಿದೆ: ಆಸ್ಪತ್ರೆಯ ಸ್ವಯಂಸೇವೆಯಲ್ಲಿ ಜೊತೆಗಿದ್ದ ಹೆರಿಗೆಗಳು ಮೆಡಿ-ಕ್ಯಾಲ್ ಕೇಳುವ ಆ ಮೂರರ ಲೆಕ್ಕಕ್ಕೆ ಸೇರುತ್ತವೆಯೇ?

ಇರ್ವಿಂಗ್, ಟೆಕ್ಸಾಸ್:
ನರ್ಸಿಂಗ್ ಸೇರುವುದಾದರೆ ಅನಾಟಮಿ ವಿಷಯವನ್ನು ಮೊದಲೇ ಮುಗಿಸಿಟ್ಟುಕೊಳ್ಳಿ. ನನ್ನ ಮಗಳ ಹಳೆಯ ಪುಸ್ತಕಗಳಿವೆ. ಅಂಚೆ ವೆಚ್ಚ ನೀವು ಕೊಟ್ಟರೆ ಕಳುಹಿಸುತ್ತೇನೆ.